ಹೋದ ವರ್ಷದ ತೂಕ ನೋಡುವವರಾರು?



ಕಾಸರಗೋಡಿನ ಪಕ್ಕದ ಕಣ್ಣೂರು ಜಿಲ್ಲೆಯ ಹದಿನೆಂಟರ ಹುಡುಗಿಯೊಬ್ಬಳು 2025ರ ಮಾರ್ಚ್‌ನಲ್ಲಿ ತೀರಿಕೊಂಡಾಗ, ಮೊಬೈಲ್ ನೋಡಿ ಡಯಟ್ ಮಾಡಿ ಸತ್ತಳು ಎಂದೇ ಸುದ್ದಿಯಾಯಿತು. ಈಗಲೂ ಬೈಗುಳವೆಲ್ಲ ಮೊಬೈಲಿಗೇ. ತಿಂಗಳುಗಟ್ಟಲೆ ಊಟ ಬಿಟ್ಟು, ಮಿತಿಮೀರಿ ವ್ಯಾಯಾಮ ಮಾಡಿ ಆಕೆ ಸುಮಾರು 24 ಕಿಲೊಗೆ ಇಳಿದಿದ್ದಳು. ವೈದ್ಯರು ಹೇಳಿದ ಕಾಯಿಲೆ ಅನೊರೆಕ್ಸಿಯಾ ನರ್ವೋಸಾ. ಅದು ಹಟವೂ ಅಲ್ಲ, ಷೋಕಿಯೂ ಅಲ್ಲ. ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳಲ್ಲಿ ಒಂದು. ಎಲುಬು ಕಾಣುವಂತಾದರೂ ಈ ಕಾಯಿಲೆಯವರ ಕಣ್ಣಿಗೆ ತಾವು ದಪ್ಪವೇ.

ನಮ್ಮ ಕಡೆ ಇದು ಬೇಗ ಗೊತ್ತಾಗುವುದೇ ಇಲ್ಲ. ಸೋಮವಾರ ಒಪ್ಪತ್ತು, ಗುರುವಾರ ಉಪವಾಸ, ನಡುವೆ ಸಂಕಷ್ಟಿ, ಏಕಾದಶಿ. ಹುಡುಗಿ ಒಂದೊಂದೇ ವಾರ ಹಿಡಿಯುತ್ತ ಹೋದರೆ ಅನುಮಾನ ಹಾಗಿರಲಿ, ಮನೆಮಂದಿ ಹೊಗಳುತ್ತಾರೆ. ರೊಟ್ಟಿ ಮುಟ್ಟದಿದ್ದರೆ ‘ಕನ್ಯಾ ನೋಡಾಕ ಬರೂದ್ರಾಗ ಸಣ್ಣಗಾಗ್ಲಿ ಬಿಡ್ರಿ’ ಎನ್ನುವವರೂ ಉಂಟು. ಮುಟ್ಟು ನಿಂತರೆ ರಕ್ತ ಕಡಿಮೆಯೆಂದು ಟಾನಿಕ್ ಬರುತ್ತದೆ. ಉಂಡದ್ದನ್ನು ಕದ್ದು ವಾಂತಿ ಮಾಡುತ್ತಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯವೇ ನಿಂತೀತು. ಬಲವಂತವಾಗಿ ಉಣಿಸಿದರೂ ಅಪಾಯ: ಬಹುಕಾಲ ಹಸಿದ ದೇಹಕ್ಕೆ ಒಮ್ಮೆಲೇ ಹೊಟ್ಟೆ ತುಂಬ ಹಾಕಿದರೆ ರಕ್ತದ ಫಾಸ್ಫೇಟ್ ಕುಸಿದು ಪ್ರಾಣಕ್ಕೆ ಕುತ್ತು ಬಂದೀತು. ಮತ್ತೆ ಉಣಿಸುವುದು ವೈದ್ಯರ ಕಣ್ಣೆದುರೇ ಆಗಬೇಕಾದ ಕೆಲಸ.

ಮಿತಿಮೀರಿದ ವ್ಯಾಯಾಮದಲ್ಲಿ ಹುಡುಗರದು ಇನ್ನೊಂದು ಬಗೆ. ಪೊಲೀಸ್ ಭರ್ತಿಯ 1600 ಮೀಟರ್ ಓಟಕ್ಕೆಂದು ಬಿಸಿಲಲ್ಲಿ ನೀರೂ ಕುಡಿಯದೆ ಓಡಿ, ಮೇಲೆ ಬಸ್ಕಿ ಹೊಡೆದು, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ‘ಉಷ್ಣ ಆಗೇತಿ’ ಎಂದು ಮಜ್ಜಿಗೆ ಕುಡಿದು ಮಲಗುವುದಲ್ಲ. ಸ್ನಾಯು ಒಡೆದು ಮೂತ್ರಪಿಂಡಕ್ಕೆ ಪೆಟ್ಟಾಗುತ್ತಿರಬಹುದು.

ಊಟ ಬಿಟ್ಟ ಮಕ್ಕಳನ್ನು ಬೇಗ ಗುರುತಿಸಲು ದಾರಿ ಈಗಾಗಲೇ ಇದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಸರ್ಕಾರಿ, ಅನುದಾನಿತ ಶಾಲೆಗಳ ಮಕ್ಕಳಿಗೆ ವರ್ಷಕ್ಕೊಮ್ಮೆ ತಪಾಸಣೆಯಾಗಿ ಎತ್ತರ, ತೂಕ ದಾಖಲಾಗುತ್ತದೆ. ಬೆಳೆಯುವ ವಯಸ್ಸಿನಲ್ಲಿ 44 ಕಿಲೊ ಇದ್ದವಳು ಮರುವರ್ಷ 37 ಆದರೆ ಅದೇ ದೊಡ್ಡ ಸುಳಿವು. ಹಳೆಯ ಅಂಕಿಯನ್ನು ಪಕ್ಕದಲ್ಲಿಟ್ಟು ನೋಡುವುದನ್ನು ಸರ್ಕಾರ ಕಡ್ಡಾಯ ಮಾಡಲಿ. ಇದಕ್ಕೆ ಹೊಸ ಯೋಜನೆ ಬೇಡ, ಉದ್ಘಾಟನೆಯಂತೂ ಬೇಡವೇ ಬೇಡ. ತೂಕ ಇಳಿದ ಮಗುವನ್ನು ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ಗೆ, ಅಲ್ಲಿಂದ ಬೇಕಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸುವ ಹೊಣೆ ಒಬ್ಬರ ಮೇಲಿರಲಿ. ಶಾಲೆಯ ಗೋಡೆ ಮೇಲೆ ಮಕ್ಕಳ ಸಹಾಯವಾಣಿ 1098ರ ಜೊತೆಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಹ ಬರೆಸಲಿ. ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಪತ್ರಿಕೆಗಳ ಪುರವಣಿಗಳೂ ‘ಇಷ್ಟು ದಿನದಲ್ಲಿ ಇಷ್ಟು ಕಿಲೊ’ ಎಂಬ ಸಾಧನೆಯ ಕಥೆ ಹಾಕುವಾಗ ಕೆಳಗೆ ಅದೇ 14416 ಸಂಖ್ಯೆ ಅಚ್ಚು ಮಾಡಲಿ. ಒಂದು ಸಾಲಿನ ಜಾಗ ಸಾಕು.

ನಿವೃತ್ತ ಶಿಕ್ಷಕಿ, ಕೊಣ್ಣೂರು (ನರಗುಂದ ತಾ.)