ಅಡುಗೆಮನೆಯ ಗೋಡೆಗೆ ಯಾವ ಬಣ್ಣ?

ಚಿತ್ತಾಪುರ ತಾಲ್ಲೂಕಿನ ರಾವೂರಿನಲ್ಲಿ ಒಂದು ಮನೆ ಇದೆ ಎಂದು ಇಟ್ಟುಕೊಳ್ಳೋಣ. ಹಳೆಯ ಕಲ್ಲಿನ ಮನೆಯ ಹಿಂಬದಿಗೆ ಹೊಸ ಅಡುಗೆಮನೆ ಎದ್ದಿದೆ. ಸಿಮೆಂಟಿನ ಗಿಲಾವು ಮುಗಿದು ಎಂಟು ದಿನವಾಗಿದೆ. ಈಗ ಬಣ್ಣದ ಚರ್ಚೆ.

“ದಟ್ಟ ಹಸರು ಹಚ್ಚಿದ್ರ ಹೊಲಸು ಕಾಣಂಗಿಲ್ಲ” ಎನ್ನುತ್ತಾನೆ ಅಪ್ಪ. “ಟಿ.ವಿ.ದಾಗ ತೋರಸ್ತಾರಲ್ಲಪ್ಪಾ, ಅಂಥಾ ಕೆಂಪು ಟೈಲ್ಸ್ ಹಾಕ್ಸು” ಎನ್ನುತ್ತಾಳೆ ಮಗಳು. “ಸುಣ್ಣ ಹಚ್ಚೋ ತಮ್ಮಾ, ಅದಕ್ಕೇನಾಗ್ಯಾದ?” ಎನ್ನುತ್ತಾಳೆ ಆಯಿ. ದಿನಕ್ಕೆ ನಾಲ್ಕೈದು ತಾಸು ಒಲೆಯ ಮುಂದೆ ಇರುವ ಅವ್ವನನ್ನು ಮಾತ್ರ ಯಾರೂ ಕೇಳಿಲ್ಲ.

ಇವರಲ್ಲಿ ಯಾರ ಮಾತು ಸರಿ? ಶಾಲೆಯಲ್ಲಿ ಕಲಿತ ವಿಜ್ಞಾನವನ್ನು ಗೋಡೆಗೆ ಹಚ್ಚಿ ನೋಡೋಣ.

ಮೊದಲು ಆಯಿಯ ಸುಣ್ಣ. ರಾವೂರ, ವಾಡಿ, ಶಹಾಬಾದ, ಸೇಡಂ ಸುತ್ತಮುತ್ತ ನೆಲದೊಳಗೆ ಪದರ ಪದರವಾಗಿ ಮಲಗಿರುವುದು ಸುಣ್ಣದಕಲ್ಲು. ರಾಸಾಯನಿಕವಾಗಿ ಅದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಇದನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಕಾರ್ಬನ್ ಡೈಆಕ್ಸೈಡ್ ಹೊರಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. 100 ಗ್ರಾಂ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ 56 ಗ್ರಾಂ ಸುಣ್ಣ. ಉಳಿದ 44 ಗ್ರಾಂ ಗಾಳಿಗೆ. ನೀರು ಹಾಕಿದಾಗ ಸುಣ್ಣ ಕುದಿದು ಅರಳುತ್ತದೆ. ಅದನ್ನು ಗೋಡೆಗೆ ಬಳಿದರೆ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ನಿಧಾನವಾಗಿ ಹೀರಿ ಪುನಃ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಅಂದರೆ ಆಯಿ ಹಬ್ಬಕ್ಕೊಮ್ಮೆ ಗೋಡೆಗೆ ಬಳಿಸುತ್ತಿದ್ದುದು ತೆಳ್ಳಗಿನ ಒಂದು ಕಲ್ಲಿನ ಪದರವನ್ನೇ!

ಹಸಿ ಸುಣ್ಣ ಪ್ರಬಲ ಕ್ಷಾರ. ಅದರ ಮೇಲೆ ಬೂಷ್ಟು ಬೆಳೆಯಲಾರದು. ಸುಣ್ಣದ ಗೋಡೆಯ ಮೂಲಕ ತೇವವೂ ಹೊರಹೋಗುತ್ತದೆ. ಆದರೆ ಕಲ್ಲಾಗುತ್ತ ಹೋದಂತೆ ಸುಣ್ಣದ ಕ್ಷಾರಗುಣ ಕಡಿಮೆಯಾಗುತ್ತದೆ. ಆದ್ದರಿಂದಲೇ ವರ್ಷಕ್ಕೊಮ್ಮೆ ಬಳಿಯುವ ಪದ್ಧತಿ. ಕೊರತೆ ಇಲ್ಲದೆ ಇಲ್ಲ: ಕೈಗೆ, ಬಟ್ಟೆಗೆ ಹತ್ತುತ್ತದೆ; ಎಣ್ಣೆ ಸಿಡಿದರೆ ಒರೆಸಲು ಬರುವುದಿಲ್ಲ.

ಇನ್ನು ಅಪ್ಪನ ದಟ್ಟ ಹಸಿರು. ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 80 ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ದಟ್ಟ ಬಣ್ಣಗಳು ಕಳಿಸುವುದು ಇದರ ಸಣ್ಣ ಪಾಲು ಮಾತ್ರ. ಒಂದೇ ಕಿಟಕಿಯ ಕೋಣೆಯಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ತೊಗರಿ ಬೇಳೆಯಲ್ಲಿ ಹರಳು ಆರಿಸಬೇಕು, ರೊಟ್ಟಿ ಬೆಂದಿದೆಯೋ ಸೀದಿದೆಯೋ ನೋಡಬೇಕು. ಗೋಡೆಗೆ ಹಸಿರು ಬಣ್ಣವಿದ್ದರೆ ಅದರಿಂದ ಬರುವ ಬೆಳಕೂ ಹಸಿರು ಛಾಯೆಯದೇ. ಅದರಲ್ಲಿ ಪದಾರ್ಥಗಳ ನಿಜವಾದ ಬಣ್ಣ ತಿಳಿಯುವುದು ಕಷ್ಟ.

ಆದರೆ ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. “ಹೊಲಸು ಕಾಣಂಗಿಲ್ಲ” ಎಂಬುದು ಗುಣವೋ ದೋಷವೋ? ಕಟ್ಟಿಗೆಯ ಒಲೆ ಇದ್ದ ಅಡುಗೆಮನೆಯ ಗೋಡೆಯನ್ನು ನೆನಪಿಸಿಕೊಳ್ಳಿ. ಒಲೆಯ ಮೇಲಿನ ಗೋಡೆ, ಜಂತಿ, ಜೇಡರ ಬಲೆ ಎಲ್ಲವೂ ಕಪ್ಪು. ಅದು ಪೂರ್ತಿ ಉರಿಯದೆ ಉಳಿದ ಇಂಗಾಲ. ಗೋಡೆಗೆ ಅಂಟಿದ ಹೊಗೆಯನ್ನೇ ಒಲೆಯ ಮುಂದೆ ಕುಳಿತವಳು ಉಸಿರಾಡಿದ್ದಾಳೆ. ಅವಳ ಮಡಿಲ ಕೂಸೂ ಉಸಿರಾಡಿದೆ. ಸುಣ್ಣ ಬಳಿದು ಗೋಡೆಯನ್ನು ಬಿಳಿ ಮಾಡಬಹುದು, ಪುಪ್ಪುಸಕ್ಕೆ ಸುಣ್ಣ ಬಳಿಯಲಾಗದು.

2016ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಹಳ್ಳಿಯ ಅನೇಕ ಮನೆಗಳಿಗೆ ಗ್ಯಾಸ್ ಬಂದಿದೆ. ಆದರೂ ಸಿಲಿಂಡರಿನ ಪಕ್ಕದಲ್ಲಿ ಕಟ್ಟಿಗೆ ಒಲೆಯೂ ಉರಿಯುವ ಮನೆಗಳಿವೆ. ಗ್ಯಾಸ್ ಒಲೆಯ ಜ್ವಾಲೆ ನೀಲಿಯಾಗಿದ್ದರೆ ಮಸಿ ಹುಟ್ಟುವುದಿಲ್ಲ. ಹಳದಿಯಾದರೆ ಬರ್ನರ್ ಸ್ವಚ್ಛಗೊಳಿಸಬೇಕೆಂದು ಅರ್ಥ. ಒಗ್ಗರಣೆಯ ಎಣ್ಣೆಹನಿಗಳಂತೂ ಯಾವ ಒಲೆಯಲ್ಲೂ ತಪ್ಪವು. ಇವೆಲ್ಲವನ್ನೂ ತಿಳಿ ಬಣ್ಣದ ಗೋಡೆ ದಾಖಲು ಮಾಡುತ್ತದೆ. ಕಪ್ಪು ಎಲ್ಲಿ ಹತ್ತುತ್ತಿದೆಯೋ ಅಲ್ಲಿ ಹೊಗೆ ನಿಲ್ಲುತ್ತಿದೆ, ಅಲ್ಲಿಯೇ ಕಿಟಕಿಯೋ ಹೊಗೆ ಹೊರಹಾಕುವ ಫ್ಯಾನೋ ಬೇಕು. ಬೂಷ್ಟು ಎಲ್ಲಿ ಕಂಡಿತೋ ಅಲ್ಲಿ ನೀರು ಸೋರುತ್ತಿದೆ. ಜ್ವರ ನೋಡಲು ಥರ್ಮಾಮೀಟರ್ ಇದ್ದಂತೆ ಹೊಗೆ ನೋಡಲು ಬಿಳಿ ಗೋಡೆ. ಹೊಲಸು ಮುಚ್ಚುವ ಬಣ್ಣ ಹಚ್ಚುವುದೆಂದರೆ ಥರ್ಮಾಮೀಟರಿನ ಅಂಕಿಗಳನ್ನು ಅಳಿಸಿದಂತೆ.

ಹಾಗಾದರೆ ಒರೆಸಲು ಬರುವ ತಿಳಿ ಬಣ್ಣದ ಆಯಿಲ್ ಪೇಂಟನ್ನು ಇವತ್ತೇ ಹಚ್ಚಬಹುದೆ? ಸ್ವಲ್ಪ ತಡೆಯಿರಿ. ಗಿಲಾವಿಗೆ ಎಂಟೇ ದಿನ. ಹೊಸ ಸಿಮೆಂಟು ಹಸಿಯಾಗಿಯೂ ಕ್ಷಾರವಾಗಿಯೂ ಇರುತ್ತದೆ. ಎಣ್ಣೆ ಮತ್ತು ಕ್ಷಾರ ಸೇರಿದರೆ ಏನಾಗುತ್ತದೆ? ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಕೂಡಲೇ ಹೇಳಿಯಾರು: ಸಾಬೂನು! ಆಯಿಲ್ ಪೇಂಟಿನ ಎಣ್ಣೆಯೂ ಹೀಗೆಯೇ ಸಾಬೂನಾಗಿ ಬಣ್ಣ ಮೆತ್ತಗಾಗುತ್ತದೆ, ಒಳಗಿನ ತೇವ ಅದನ್ನು ಗುಳ್ಳೆ ಎಬ್ಬಿಸಿ ಕೀಳುತ್ತದೆ. ಗಿಲಾವಿಗೆ ನೀರುಣಿಸಿದ ಮೇಲೆ ಕನಿಷ್ಠ ಒಂದು ತಿಂಗಳಾದರೂ ಆರಲು ಬಿಟ್ಟು, ಪ್ರೈಮರ್ ಹಚ್ಚಿ, ನಂತರ ಬಣ್ಣ. ಅವಸರವಿದ್ದವರು ಅಲ್ಲಿಯವರೆಗೆ ಸುಣ್ಣ ಬಳಿಯಬಹುದು. ಅದಕ್ಕೆ ಕ್ಷಾರದ ಭಯವಿಲ್ಲ.

ಬಣ್ಣದ ಡಬ್ಬಿ ಕೊಳ್ಳುವಾಗ ಸೀಸದ ಪ್ರಮಾಣವನ್ನು ಓದಿ ನೋಡಬೇಕು. ಹಿಂದೆ ಹೊಳೆಯುವ ಹಳದಿ, ಕೆಂಪು, ಹಸಿರು ಎನಾಮಲ್‌ಗಳಲ್ಲಿ ಸೀಸದ ಸಂಯುಕ್ತಗಳನ್ನು ಬಳಸುತ್ತಿದ್ದರು. ಮಕ್ಕಳ ಮೆದುಳಿನ ಬೆಳವಣಿಗೆಗೆ ಸೀಸ ವಿಷ. 2016ರಲ್ಲಿ ಹೊರಡಿಸಿದ ನಿಯಮದಂತೆ, 2017ರ ನವೆಂಬರ್ 1ರಿಂದ ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗಗಳನ್ನು ಮೀರುವಂತಿಲ್ಲ. ಆದರೆ ಹಳೆಯ ಬಾಗಿಲು, ಕಿಟಕಿಗಳ ಮೇಲೆ ಹಳೆಯ ಬಣ್ಣ ಇನ್ನೂ ಕುಳಿತಿದೆ. ಅದನ್ನು ಒಣಗಿದ್ದಾಗ ಮರಳುಕಾಗದದಿಂದ ಉಜ್ಜಬಾರದು. ನೀರು ಹಚ್ಚಿ ಉಜ್ಜಿ, ಪುಡಿಯನ್ನು ಒದ್ದೆ ಬಟ್ಟೆಯಿಂದ ಬಳಿದು ತೆಗೆಯಬೇಕು. ಆ ಹೊತ್ತಿಗೆ ಮಕ್ಕಳು ಅಲ್ಲಿರಬಾರದು.

ಮಗಳ ಟೈಲ್ಸ್ ಬೇಡವೆ? ಬೇಕು, ಆದರೆ ಒಲೆಯ ಹಿಂದೆ ಮತ್ತು ನೀರು ಸಿಡಿಯುವಲ್ಲಿ, ಎರಡು ಅಡಿ ಎತ್ತರಕ್ಕೆ. ಅಲ್ಲಿ ತಿಳಿ ಬಣ್ಣದ ನುಣುಪು ಟೈಲ್ಸ್ ಒರೆಸಲು ಸುಲಭ. ಅದರಾಚೆ ಕೈ ತಾಗುವ ಎತ್ತರದವರೆಗೆ ಸ್ವಲ್ಪ ಹೊಳಪಿನ, ತೊಳೆಯಬಹುದಾದ ಎಮಲ್ಷನ್. ಮೇಲುಗೋಡೆಗೆ ಆಯಿಯ ಸುಣ್ಣವೇ ಸಾಕು. ಪೂರ್ತಿ ಹೊಳಪಿನ ಗೋಡೆ ಕನ್ನಡಿಯಂತೆ ಬಲ್ಬನ್ನು ಕಣ್ಣಿಗೆ ಹೊಡೆಯುತ್ತದೆ. ಒರಟು ಗೋಡೆ ಬೆಳಕನ್ನು ಎಲ್ಲ ದಿಕ್ಕಿಗೂ ಹರಡುತ್ತದೆ. ಅಡುಗೆ ಕಟ್ಟೆಗೆ ಊರಿನ ಫರ್ಸಿಯನ್ನೇ ಹಾಕಿದ್ದರೆ ಲಿಂಬೆರಸ, ಹುಣಸೆರಸ ಚೆಲ್ಲಿದೊಡನೆ ಒರೆಸಬೇಕು. ಅದು ಸುಣ್ಣದಕಲ್ಲು, ಆಮ್ಲ ಅದನ್ನು ತಿನ್ನುತ್ತದೆ. ಆ್ಯಸಿಡ್ ಹಾಕಿ ತೊಳೆಯುವುದಂತೂ ಬೇಡವೇ ಬೇಡ.

ಮಾಡಿ ನೋಡಿ: ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಒದ್ದೆ ಅರಿಸಿನದ ಒಂದು ಚುಕ್ಕೆ ಇಡಿ. ಹಳದಿ ಕೆಂಪಾಗುತ್ತದೆ, ಏಕೆಂದರೆ ಅರಿಸಿನ ಕ್ಷಾರಸೂಚಕ. ಅದರ ಮೇಲೆ ಲಿಂಬೆರಸ ಹಾಕಿದರೆ ಮತ್ತೆ ಹಳದಿ. ಇನ್ನೊಂದು ಪ್ರಯೋಗ: ಬಿಳಿ ಕಾಗದದ ನಾಲ್ಕು ತುಂಡುಗಳನ್ನು ಒಲೆಯ ಮೇಲೆ, ಕಿಟಕಿಯ ಬಳಿ, ಬಾಗಿಲ ಬಳಿ, ನೀವು ಓದಲು ಕೂಡುವ ಜಾಗದಲ್ಲಿ ಅಂಟಿಸಿ. ಒಲೆಯ ಮೇಲಿನದನ್ನು ಬೆಂಕಿ ತಾಗದಷ್ಟು ಎತ್ತರದಲ್ಲಿ ಹಿರಿಯರಿಂದಲೇ ಅಂಟಿಸಿ. ಹದಿನೈದು ದಿನ ಬಿಟ್ಟು ತೆಗೆದು ಹೋಲಿಸಿ. ನಿಮ್ಮ ಮನೆಯ ಹೊಗೆ ಎಲ್ಲಿ ಓಡಾಡುತ್ತದೆ ಎಂಬುದು ತಿಳಿಯುತ್ತದೆ.

ಆ ಕಾಗದಗಳನ್ನು ಅಪ್ಪನಿಗೂ ತೋರಿಸಿ. ಬಣ್ಣ ಆರಿಸುವ ಮುನ್ನ ಅವ್ವನನ್ನು ಒಂದು ಮಾತು ಕೇಳಿ: “ಅವ್ವಾ, ನಿನಗ ಎಲ್ಲಿ ಕತ್ತಲಿ ಆಗ್ತದ? ಎಲ್ಲಿ ಹೊಗಿ ಕಣ್ಣಿಗೆ ಬರ್ತದ?” ಉತ್ತರ ಬಂದ ದಿಕ್ಕಿನಲ್ಲಿ ಮೊದಲು ಒಂದು ಕಿಟಕಿ ಇಡಿಸಿ. ಬಣ್ಣ ಆಮೇಲೆ.