ಗ್ಯಾರೇಜಿಗೆ ಹಾಕ್ತೇನೆ ಅನ್ನುವ ಬೆದರಿಕೆ ಸಾಕು

"ಓದದಿದ್ರೆ ಗ್ಯಾರೇಜಿಗೆ ಹಾಕ್ತೇನೆ ನೋಡು." ಮಕ್ಕಳೇ, ಈ ಮಾತನ್ನು ನಿಮ್ಮಲ್ಲಿ ಹೆಚ್ಚಿನವರು ಮನೆಯಲ್ಲಿ ಕೇಳಿರ್ತೀರಿ. ಶಾಲೆಯಲ್ಲೂ ಕೇಳಿರ್ತೀರಿ. ನಾನೇ ಹೇಳಿದ್ದೇನೆ, ಅದೂ ಒಂಬತ್ತನೇ ತರಗತಿಯಲ್ಲಿ, ಎಲ್ಲರ ಎದುರು. ಇನ್ನು ಹೇಳುವುದಿಲ್ಲ. ಯಾಕೆ ಅಂತ ಬರೆಯುತ್ತೇನೆ.

ನನ್ನ ದೊಡ್ಡಪ್ಪನ ಹತ್ತಿರ ಒಂದು ಯೆಜ್ಡಿ ರೋಡ್‌ಕಿಂಗ್ ಉಂಟು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ 250 ಸಿಸಿ ಬೈಕು. ಕಾರ್ಖಾನೆ 1996ರಲ್ಲಿ ಮುಚ್ಚಿತು, ಆದರೆ ಅಲ್ಲಿಂದ ಬಂದ ಬೈಕುಗಳು ಇನ್ನೂ ಓಡುತ್ತಿವೆ. ದೊಡ್ಡಪ್ಪನದ್ದು ಓಡುತ್ತಿರಲಿಲ್ಲ. ಕೊಟ್ಟಿಗೆಯಲ್ಲಿ ಅಡಿಕೆ ಗೋಣಿಗಳ ಹಿಂದೆ ಧೂಳು ತಿನ್ನುತ್ತಿತ್ತು. ಕಳೆದ ಬೇಸಿಗೆ ರಜೆಯಲ್ಲಿ ಅದನ್ನು ಸರಿ ಮಾಡಲು ಹೊರಟೆ. ಭೌತಶಾಸ್ತ್ರ ಕಲಿಸುವವನಿಗೆ ಎದುರಿನ ಶಾಕ್ ಬಿಚ್ಚಿ ಕೂಡಿಸುವುದು ಎಂತ ದೊಡ್ಡ ವಿಷಯ ಅಂತ ಒಂದು ಜಂಬ.

ಬಿಚ್ಚಲು ಅರ್ಧ ದಿನ ಸಾಕಾಯಿತು. ಎದುರಿನ ಚಕ್ರದ ಎರಡೂ ಬದಿಗೆ ಒಂದೊಂದು ಕಾಲು, ಪ್ರತಿ ಕಾಲಿನಲ್ಲಿ ಒಂದರೊಳಗೆ ಒಂದು ಜಾರುವ ಎರಡು ಕೊಳವೆ, ಒಳಗೆ ಉದ್ದದ ಸ್ಪ್ರಿಂಗ್, ಸ್ವಲ್ಪ ಎಣ್ಣೆ. ಸ್ಪ್ರಿಂಗಿನ ಕೆಲಸ ನಿಮಗೆ ಗೊತ್ತು: ಹೊಂಡಕ್ಕೆ ಬಿದ್ದಾಗ ಕುಗ್ಗಿ ಶಕ್ತಿಯನ್ನು ಹಿಡಿದಿಡುತ್ತದೆ, ಮತ್ತೆ ಹಿಂದೆ ಕೊಡುತ್ತದೆ. ಸ್ಪ್ರಿಂಗ್ ಒಂದೇ ಇದ್ದರೆ ಒಂದು ಹೊಂಡಕ್ಕೆ ಬೈಕು ಹತ್ತು ಸಲ ಕುಣಿಯುತ್ತದೆ. ಆ ಕುಣಿತವನ್ನು ನಿಲ್ಲಿಸುವುದು ಎಣ್ಣೆ. ಅದು ಸಣ್ಣ ತೂತುಗಳ ಮೂಲಕ ನುಗ್ಗಬೇಕಾಗುತ್ತದೆ, ಆ ಘರ್ಷಣೆಯಲ್ಲಿ ಶಕ್ತಿ ಶಾಖವಾಗಿ ಹೋಗುತ್ತದೆ.

ಇಷ್ಟೆಲ್ಲ ತಿಳಿದೂ ನಾನು ಕೂಡಿಸಿದ ಶಾಕ್ ಎರಡೇ ದಿನದಲ್ಲಿ ಸೋರಿತು. ಒತ್ತಿದರೆ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತಲೂ ಇತ್ತು.

ತಪ್ಪು ಹಿಡಿದವನು ನನ್ನದೇ ತರಗತಿಯ ಹಿಂದಿನ ಬೆಂಚಿನ ಹುಡುಗ. ಅವನ ಅಣ್ಣನಿಗೆ ಗ್ಯಾರೇಜ್ ಉಂಟು, ರಜೆಯಲ್ಲಿ ಇವನೂ ಅಲ್ಲೇ. ಆಯಿಲ್ ಸೀಲ್ ತೆಗೆದು ನೋಡಿ, "ಸರ್, ಇದನ್ನು ಮಗುಚಿ ಹಾಕಿದ್ದೀರಿ" ಅಂದ. ಸೀಲಿನ ಒಂದು ಬದಿಯಲ್ಲಿ ತುಟಿಯ ಸುತ್ತ ಕೂದಲಿನಷ್ಟು ತೆಳ್ಳಗಿನ ಸ್ಪ್ರಿಂಗ್ ಇರುತ್ತದೆ. ಆ ಬದಿ ಎಣ್ಣೆಯ ಕಡೆಗೆ ಇರಬೇಕು. ಆಗ ಎಣ್ಣೆಯ ಒತ್ತಡವೇ ತುಟಿಯನ್ನು ಕೊಳವೆಗೆ ಒತ್ತಿ ಹಿಡಿಯುತ್ತದೆ. ಮಗುಚಿ ಹಾಕಿದರೆ ಅದೇ ಒತ್ತಡ ತುಟಿಯನ್ನು ಎತ್ತಿಬಿಡುತ್ತದೆ.

ಆಮೇಲೆ ಚಕ್ರದ ಆಕ್ಸಲ್ ಹಿಡಿದಿರುವ ಬೋಲ್ಟನ್ನು ಸಡಿಲ ಮಾಡಿ, ಹ್ಯಾಂಡಲ್ ಹಿಡಿದು ಬೈಕನ್ನು ನಾಲ್ಕೈದು ಸಲ ಒತ್ತಿ ಬಿಟ್ಟ. ಮತ್ತೆಯೇ ಬಿಗಿ ಮಾಡಿದ್ದು. ಶಾಕ್ ನೀರಿನ ಹಾಗೆ ಜಾರಿತು! ನಾನು ಮೊದಲೇ ಎಲ್ಲವನ್ನೂ ಬಿಗಿ ಮಾಡಿದ್ದರಿಂದ ಎರಡು ಕಾಲುಗಳು ಸಮಾಂತರವಾಗಿರಲಿಲ್ಲ, ಒಳಗಿನ ಬುಶ್‌ಗಳನ್ನು ಅಡ್ಡಕ್ಕೆ ಒತ್ತುತ್ತಿದ್ದವು. ಒತ್ತಿ ಬಿಟ್ಟಾಗ ಅವೇ ತಮ್ಮ ಜಾಗ ಹುಡುಕಿಕೊಂಡವು.

"ದಪ್ಪ ಎಣ್ಣೆ ಹಾಕಿದ್ರೆ ಗಟ್ಟಿ ಆಗ್ತದೆ ಸರ್, ತೆಳು ಹಾಕಿದ್ರೆ ಕುಣೀತದೆ" ಅಂತ ಎಣ್ಣೆ ಅಳೆಯುತ್ತಾ ಹೇಳಿದ. "ಸ್ನಿಗ್ಧತೆ ಎಂದರೇನು?" ಎಂಬ ಪ್ರಶ್ನೆಗೆ ಇದೇ ಹುಡುಗ ಪರೀಕ್ಷೆಯಲ್ಲಿ ಖಾಲಿ ಜಾಗ ಬಿಟ್ಟಿದ್ದ. ನಾನು ಸೊನ್ನೆ ಕೊಟ್ಟಿದ್ದೆ. ಗ್ಯಾರೇಜಿನ ಮಾತು ಹೇಳಿದ್ದೂ ಆ ದಿನವೇ, ಅವನಿಗೇ.

ದಪ್ಪ ಎಣ್ಣೆ ಬಾಟಲಿಯಿಂದ ಬೇಗ ಇಳಿಯುವುದಿಲ್ಲ ಅಂತ ಗೊಣಗುವ ನಿಮಗೆಲ್ಲ ಸ್ನಿಗ್ಧತೆ ಗೊತ್ತಿದೆ. ಆ ಶಬ್ದ ಗೊತ್ತಿಲ್ಲ, ಅಷ್ಟೆ. ಶಬ್ದವನ್ನು ವಸ್ತುವಿಗೆ ಜೋಡಿಸಿ ಕೊಡಬೇಕಾದವರು ನಾವು ಶಿಕ್ಷಕರು. ನಾವು ಶಬ್ದ ಮಾತ್ರ ಕೊಟ್ಟು, ಅದು ಬಾರದವನನ್ನು ದಡ್ಡ ಅಂತೇವೆ. ಕನ್ನಡದಲ್ಲಿ ಕಲಿತರೆ ವಿಜ್ಞಾನ ಕಷ್ಟ ಅಂತ ಬೇರೆ ದೂರು.

ಹಾಗಂತ ಪುಸ್ತಕ ಬಿಟ್ಟು ಸ್ಪ್ಯಾನರ್ ಹಿಡಿಯಿರಿ ಅಂತ ನಾನು ಹೇಳುವುದಿಲ್ಲ. ಶಾಲೆ ಬಿಟ್ಟು ಗ್ಯಾರೇಜಿಗೆ ಹೋದ ಮಕ್ಕಳನ್ನು ನೋಡಿದ್ದೇನೆ, ಅದರಲ್ಲಿ ಚಂದದ್ದು ಏನೂ ಇಲ್ಲ. ನಮ್ಮ ಹುಡುಗನಿಗೂ ಎಣ್ಣೆ ಜಾಸ್ತಿಯಾದರೆ ಸೀಲ್ ಒಡೆಯುತ್ತದೆ ಅಂತ ಗೊತ್ತಿತ್ತು, ಯಾಕೆ ಅಂತ ಗೊತ್ತಿರಲಿಲ್ಲ. ಕೊಟ್ಟಿಗೆಯ ನೆಲದಲ್ಲೇ ಚಾಕ್‌ನಿಂದ ಲೆಕ್ಕ ಮಾಡಿದೆವು. ಎಣ್ಣೆಯ ಮೇಲೆ 150 ಮಿಲಿಮೀಟರ್ ಗಾಳಿ ಇದೆ, ಶಾಕ್ 100 ಕುಗ್ಗಿತು ಅಂತ ಇಟ್ಟುಕೊಳ್ಳಿ. ಉಳಿದದ್ದು 50. ಬಾಯ್ಲ್ ನಿಯಮದಂತೆ ಒತ್ತಡ ಮೂರು ಪಟ್ಟು. ಎಣ್ಣೆ 30 ಮಿಲಿಮೀಟರ್ ಹೆಚ್ಚು ಹಾಕಿದರೆ ಗಾಳಿ 120, ಕುಗ್ಗಿದಾಗ ಉಳಿಯುವುದು 20. ಒತ್ತಡ ಆರು ಪಟ್ಟು! ಒಂದು ಕಾಲಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಆದರೆ ಎಂತ ಆಗಬಹುದು ಅಂತ ಅವನೇ ಕೇಳಿದ. ತರಗತಿಯಲ್ಲಿ ಇಡೀ ವರ್ಷ ಅವನು ಒಂದು ಪ್ರಶ್ನೆ ಕೇಳಿದವನಲ್ಲ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ನಮ್ಮ ವಿಜ್ಞಾನ ಮೇಳಗಳಲ್ಲಿ ಥರ್ಮೋಕೋಲ್ ಜ್ವಾಲಾಮುಖಿಗಳು ಸಾಕಷ್ಟು ಆದವು. ಹಳೆಯ ಸೈಕಲ್ ಪಂಪ್, ಹೊಲಿಗೆ ಯಂತ್ರ, ಮಿಕ್ಸಿ, ಯಾವುದಾದರೂ ಒಂದನ್ನು ಬಿಚ್ಚಿ, ಕೂಡಿಸಿ, ಪ್ರತಿ ಭಾಗ ಅಲ್ಲಿ ಯಾಕೆ ಇದೆ ಅಂತ ಕನ್ನಡದಲ್ಲಿ ಹೇಳುವ ಸ್ಪರ್ಧೆ ಇಡಲಿ. ವಿದ್ಯುತ್ತಿನದ್ದಾದರೆ ಪ್ಲಗ್ ತೆಗೆದು, ದೊಡ್ಡವರು ಹತ್ತಿರ ಇದ್ದಾಗ ಮಾತ್ರ. ಕೂಡಿಸಿದ್ದು ಓಡಬೇಕು. ಕೊನೆಗೆ ಒಂದು ನಟ್ಟು ಉಳಿದರೆ ಅಂಕ ಕಡಿಮೆ.

ಅಂದ ಹಾಗೆ ರೋಡ್‌ಕಿಂಗಿನ ಬಲಗಾಲಿನಲ್ಲಿ ಇನ್ನೂ ಸ್ವಲ್ಪ ಎಣ್ಣೆ ಒಸರುತ್ತಾ ಉಂಟು. ಕೊಳವೆಯ ಕ್ರೋಮ್ ಮೇಲೆ ತುಕ್ಕಿನ ಚುಕ್ಕೆ, ಅದು ಸೀಲನ್ನು ಗೀರುತ್ತದೆ ಅಂತ ಹುಡುಗನ ಅಭಿಪ್ರಾಯ. ಈ ಭಾನುವಾರ ಮತ್ತೆ ಬಿಚ್ಚುತ್ತೇವೆ. ಈ ಸಲ ಟಾರ್ಚ್ ಹಿಡಿಯುವ ಕೆಲಸ ನನ್ನದು.