ಚಿಮ್ನಿಯ ಗಾಳಿಗೂ ಒಂದು ಬೋರ್ಡು ಬೇಡವೇ?

ದಹಿಸರ್‌ಗೆ ಬಂದು ನೆಲೆಸಿ ಮೂವತ್ತು ವರ್ಷದ ಮೇಲಾಯಿತು. ಈಗೀಗ ನಮ್ಮ ಬಿಲ್ಡಿಂಗಿನವರು ಬೆಳಿಗ್ಗೆ ವಾಕಿಂಗಿಗೆ ಇಳಿಯುವ ಮುಂಚೆ ಮೊಬೈಲಿನಲ್ಲಿ ಗಾಳಿಯ ಅಂಕಿ ನೋಡುತ್ತಾರೆ. ಬೋರಿವಲಿ ಎಷ್ಟು, ಮಲಾಡ್ ಎಷ್ಟು ಅಂತ... ಇನ್ನೂರು ದಾಟಿದ್ದರೆ ವಾಕಿಂಗ್ ರದ್ದು, ಇನ್ನೊಂದು ಕಪ್ ಚಹಾ. ಒಳ್ಳೆಯದೇ ಬಿಡಿ.

ನನ್ನ ತಲೆ ಕೊರೆಯುವುದು ಬೇರೊಂದು ಅಂಕಿ. ಇದೇ ವೆಸ್ಟರ್ನ್ ಲೈನಿನಲ್ಲಿ ವಿರಾರ್ ದಾಟಿ ಹೋದರೆ ಬೊಯಿಸರ್, ಅಲ್ಲಿಂದ ಸಮುದ್ರದ ಕಡೆಗೆ ತಾರಾಪುರ. 1969ರಲ್ಲಿ ಶುರುವಾದ, ದೇಶದ ಮೊದಲ ಅಣುವಿದ್ಯುತ್ ಸ್ಥಾವರ. ಊರ ಕಡೆ ತಿರುಗಿದರೆ ಕಾಳಿ ನದಿಯ ದಡದಲ್ಲಿ ಕೈಗಾ, 2000ದಿಂದ. ಕಾರವಾರ, ಯಲ್ಲಾಪುರದ ಕಡೆಯಿಂದ ಇಲ್ಲಿಗೆ ಬಂದವರಿಗೆ ಹಿಂದೆಯೂ ಒಂದು, ಮುಂದೆಯೂ ಒಂದು!

ಸ್ಥಾವರ ಸರಿಯಾಗಿ ನಡೆಯುವಾಗಲೂ ಅದರ ಎತ್ತರದ ಚಿಮ್ನಿಯಿಂದ ಅಷ್ಟಿಷ್ಟು ವಿಕಿರಣವುಳ್ಳ ಅನಿಲ ಹೊರಬೀಳುತ್ತದೆ. ಕ್ರಿಪ್ಟಾನ್, ಕ್ಸೆನಾನ್, ಆರ್ಗಾನ್-41. ಕೈಗಾದಂಥ ಭಾರಜಲದ ಸ್ಥಾವರವಾದರೆ ಟ್ರಿಟಿಯಂ ಕೂಡ. ಅಳೆಯುವುದೇ ಇಲ್ಲ ಎಂಬ ದೂರು ನನ್ನದಲ್ಲ. ಚಿಮ್ನಿಯಲ್ಲೇ ಮಾಪಕ ಇರುತ್ತದೆ. ಅದಲ್ಲದೆ ಬಿಎಆರ್‌ಸಿಯವರ 'ಐಇಆರ್‌ಮಾನ್' ಎಂಬ ಜಾಲದ ಗಾಮಾ ಮಾಪಕಗಳು ದೇಶದ ಹಲವು ಊರುಗಳಲ್ಲಿ ಹಗಲು ರಾತ್ರಿ ಎಣಿಸುತ್ತಾ ಕೂತಿರುತ್ತವೆ. ಸ್ಥಾವರದ ಸುತ್ತಲಿನ ಜನರಿಗೆ ಬಿದ್ದ ವಿಕಿರಣದ ಲೆಕ್ಕವೂ ಅಣುಶಕ್ತಿ ನಿಯಂತ್ರಣ ಮಂಡಳಿಯ ವಾರ್ಷಿಕ ವರದಿಯಲ್ಲಿ ಬರುತ್ತದೆ. ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್, ಬಿದ್ದದ್ದು ಅದರಲ್ಲಿ ಸಣ್ಣ ಪಾಲು ಅಂತ. ನಾನದನ್ನು ನಂಬುತ್ತೇನೆ. ಆದರೆ ವರ್ಷಕ್ಕೊಮ್ಮೆ ಕೊಡುವ ಲೆಕ್ಕ, ಇವತ್ತು ಕಿಟಕಿ ತೆರೆಯಲೋ ಮುಚ್ಚಲೋ ಎಂದು ಕೇಳುವವನಿಗೆ ಯಾವ ಉಪಯೋಗಕ್ಕೆ?

ಗಂಟೆಗಂಟೆಯ ಅಂಕಿ ಬೀದಿಗೆ ಬಂದರೆ ಜನ ಗಾಬರಿಯಾಗುತ್ತಾರೆ ಅನ್ನುವವರಿದ್ದಾರೆ. ಪೂರ್ತಿ ಸುಳ್ಳಲ್ಲ. ಜೋರು ಮಳೆ ಹೊಯ್ದಾಗ ಗಾಮಾ ಮಾಪಕದ ಅಂಕಿ ತಾನಾಗಿ ಏರುತ್ತದೆ. ನೆಲದಿಂದ ಎದ್ದ ರೇಡಾನ್ ಅನಿಲದ ಮರಿಗಳು ಮಳೆಯೊಂದಿಗೆ ಕೆಳಗಿಳಿಯುತ್ತವೆ, ಕೆಲವೇ ಗಂಟೆಗಳಲ್ಲಿ ಅಂಕಿ ಮತ್ತೆ ಮೊದಲಿನಂತೆ. ಇದು ಗೊತ್ತಿಲ್ಲದವನು ಜೂನ್ ತಿಂಗಳ ಅಂಕಿ ನೋಡಿ ಹೌಹಾರಿಯಾನು. ನಾನು ಹೇಳುವುದೂ ಅದನ್ನೇ! ಏನೂ ಆಗದ ದಿನಗಳಲ್ಲಿ ನೋಡಿ ನೋಡಿ ರೂಢಿಯಾದರೆ ತಾನೇ, ಏನಾದರೂ ಆದ ದಿನ ವ್ಯತ್ಯಾಸ ತಿಳಿಯುವುದು?

ಮುಚ್ಚಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಜಪಾನಿನ ನಾಮಿಯೆ ಊರಿದೆ. 2011ರ ಮಾರ್ಚಿನಲ್ಲಿ ಫುಕುಶಿಮಾ ಸ್ಥಾವರ ಕೆಟ್ಟಾಗ ಆ ಊರಿನ ಸಾವಿರಾರು ಜನ ವಾಯವ್ಯಕ್ಕಿದ್ದ ತ್ಸುಶಿಮಾಕ್ಕೆ ಓಡಿ ಅಲ್ಲೇ ಕೆಲವು ದಿನ ಉಳಿದರು. ವಿಕಿರಣ ಹೊತ್ತ ಗಾಳಿಯೂ ಆ ದಿಕ್ಕಿಗೇ ಹೋಯಿತು. ಗಾಳಿ ಎತ್ತ ಹೋಗಬಹುದೆಂಬ ಲೆಕ್ಕ ಸರಕಾರದ ಕಂಪ್ಯೂಟರಿನಲ್ಲಿತ್ತು. ಊರವರಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಬೇರೆ ದಾರಿ ಹಿಡಿಯುತ್ತಿದ್ದರು, ಅಷ್ಟೆ.

ಹಾಗಂತ ಮಾಪಕವೊಂದಿದ್ದರೆ ಎಲ್ಲಾ ಕಂಡೀತು ಅಂತಲೂ ಅಲ್ಲ. 2009ರ ನವೆಂಬರಿನಲ್ಲಿ ಕೈಗಾದ ಒಳಗೆ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಬೆರೆತದ್ದು ಬಯಲಾದದ್ದು ಕೆಲಸಗಾರರ ಮೂತ್ರ ಪರೀಕ್ಷೆಯಿಂದ. ಟ್ರಿಟಿಯಂ ಗಾಮಾ ಮಾಪಕದ ಕಣ್ಣಿಗೆ ಬೀಳುವ ಪೈಕಿಯಲ್ಲ. ಗಾಳಿಯಲ್ಲಿದ್ದರೆ ಅದರ ತೇವ ಹಿಡಿದು ಲ್ಯಾಬಿನಲ್ಲಿ ನೋಡಬೇಕು.

ಅದಕ್ಕೇ ನನ್ನ ಬೇಡಿಕೆ ದೊಡ್ಡದೇನಲ್ಲ. ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ಕನ್ನಡದ್ದು, ಬೊಯಿಸರ್ ಸ್ಟೇಶನ್ನಿನಲ್ಲಿ ಮರಾಠಿಯದ್ದು ಒಂದೊಂದು ಬೋರ್ಡು. ಈ ಗಂಟೆಯ ಗಾಮಾ ಎಷ್ಟು, ಗಾಳಿ ಎತ್ತ ಕಡೆಗೆ, ಮಳೆ ಬಂದಿದ್ದರೆ 'ಮಳೆಯಿಂದ ಏರಿದೆ' ಎಂದು ಒಂದು ಸಾಲು. ಟ್ರಿಟಿಯಂ ಲೆಕ್ಕ ವಾರಕ್ಕೊಮ್ಮೆ ಬರೆದರೂ ಸಾಕು. ಮೊದಲ ಮಳೆಗಾಲ ನಾಲ್ಕು ಜನ ಗಾಬರಿಯಾಗಿ ಫೋನ್ ಮಾಡಿಯಾರು, ಮಾಡಲಿ. ಎರಡನೆಯದಕ್ಕೆ ಅಲ್ಲಿನ ಚಹಾದಂಗಡಿಯವನೇ ವಿವರಿಸಿ ಕಳಿಸುತ್ತಾನೆ.